ಕೆರೆ ಒಡೆದು ಜಗಳ ನಿಲ್ಲಿಸಿದ ಕೆಲಸ

ಆಗ ನನಗೆ ಇಪ್ಪತ್ನಾಲ್ಕು ವರ್ಷ. ಅದಾಗಿ ನಲವತ್ತು ವರ್ಷ ಕಳೆದಿದೆ. ಊರಲ್ಲಿ ಆಗಿನ್ನೂ ಬ್ರಿಟಿಷರ ಆಳ್ವಿಕೆ, ನಮ್ಮ ಕಡೆಗೆಲ್ಲ ಮುಂಬೈ ಸರ್ಕಾರ. ನಾನು ಯಲ್ಲಾಪುರದಿಂದ ಕಿರವತ್ತಿ ಕಡೆಗೆ ಹೋಗುವ ರಸ್ತೆಯ ಗ್ಯಾಂಗಿನಲ್ಲಿ ಆಳು. ಹಾಜರಿ ಪುಸ್ತಕದಲ್ಲಿ ಗಂಗವ್ವ ಎಂದಷ್ಟೇ ಬರೆದಿದ್ದರು. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಶಾಲೆಯ ಅಕ್ಕನವರೊಬ್ಬರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಲಿಸಿದರು. ಒತ್ತಕ್ಷರ ಈಗಲೂ ತಪ್ಪುತ್ತದೆ. ಅಕ್ಕನವರ ಮಗಳು ತಿದ್ದಿ ಕೊಟ್ಟಿದ್ದಾಳೆ. ಅಕ್ಷರ ತಿದ್ದು, ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ನಮ್ಮ ಓಣಿಯ ನಾಲ್ಕು ಹುಡುಗಿಯರು ಈ ವರ್ಷ ರಸ್ತೆ ಕೆಲಸಕ್ಕೆ ಸೇರಿದ್ದಾರೆ. ‘ಆಯಿ, ನಿಮ್ಮ ಕಾಲದಾಗ ಹೆಂಗಿತ್ತು?’ ಎಂದು ಕೇಳುತ್ತಾರೆ. ಚೆನ್ನಾಗಿರಲಿಲ್ಲ. ಈಗಲೂ ಚೆನ್ನಾಗಿಲ್ಲ. ಆಗ ಬಿಸಿಲಲ್ಲಿ ಕೂತು ರಸ್ತೆಗೆ ಹಾಸುವ ಖಡಿಕಲ್ಲನ್ನು ಸುತ್ತಿಗೆಯಿಂದ ಒಡೆಯುತ್ತಿದ್ದೆವು, ಈಗ ಮಷಿನ್ ಒಡೆಯುತ್ತದೆ. ನೀವು ಅದರ ಧೂಳು ಕುಡಿಯುತ್ತೀರಿ, ಅಷ್ಟೇ ವ್ಯತ್ಯಾಸ. ಆದರೂ ಕೇಳಿದ್ದಕ್ಕೆ ಹೇಳುತ್ತೇನೆ.

ಖಡಿ ಒಡೆಯಲು ಕೂತವಳು ಮೊದಲು ಕಲಿಯಬೇಕಾದದ್ದು ಸುತ್ತಿಗೆ ಎತ್ತುವುದನ್ನಲ್ಲ. ಕಲ್ಲಿನ ಸುತ್ತ ಹಗ್ಗದ ಸಿಂಬಿ ಇಡುವುದನ್ನು. ಸಿಂಬಿ ಇಲ್ಲದಿದ್ದರೆ ಚೂರು ಹಾರಿ ಕಣ್ಣಿಗೆ ಬೀಳುತ್ತದೆ. ಇದನ್ನು ನನಗೆ ಕಲಿಸಿದವಳು ಯಲ್ಲವ್ವ. ಬನವಾಸಿ ಕಡೆಯವಳು, ನನಗಿಂತ ಐದಾರು ವರ್ಷ ದೊಡ್ಡವಳು, ಬಾಯಿ ಬಹಳ ಜೋರು. ಮೊದಲ ದಿನ ನಾನು ಸುತ್ತಿಗೆ ಎತ್ತಿದ್ದನ್ನು ನೋಡಿ, ‘ಏ ಹುಡುಗಿ, ಕಲ್ಲು ನಿನ್ನ ಅತ್ತಿ ಅಲ್ಲ. ಅಷ್ಟ ಸಿಟ್ಟು ಬ್ಯಾಡ’ ಅಂದಳು. ಅವಳ ಗಂಡ ಸತ್ತಿದ್ದ. ಆರು ವರ್ಷದ ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಕೆಲಸ ಮಾಡುತ್ತಿದ್ದಳು.

ನನ್ನ ಗಂಟಲು ದೊಡ್ಡದು. ಎರಡನೆಯ ವರ್ಷ ಅದಕ್ಕೇ ನನ್ನನ್ನು ಖಡಿಯಿಂದ ಎಬ್ಬಿಸಿ ಕೂಗುವ ಕೆಲಸಕ್ಕೆ ಹಾಕಿದರು. ಕಲ್ಲಿನ ಖಣಿಯಲ್ಲಿ ಬಂಡೆಗೆ ತೂತು ಹೊಡೆದು ಮದ್ದು ತುಂಬುತ್ತಾರೆ. ಬತ್ತಿಗೆ ಬೆಂಕಿ ಮುಟ್ಟಿಸುವ ಮೊದಲು ಒಬ್ಬರು ಕೆಂಪು ಬಟ್ಟೆ ಹಿಡಿದು ಎತ್ತರದಲ್ಲಿ ನಿಂತು ಮೂರು ಸಲ ಕೂಗಬೇಕು. ‘ಮದ್ದೈತಿ, ತಗ್ಗಿಗಿಳೀರೋ!’ ಕೂಗಿದ ಮೇಲೆ ಎಣಿಸಬೇಕು. ನನಗೆ ಲೆಕ್ಕ ಬರುತ್ತಿರಲಿಲ್ಲ. ಮದ್ದಿನ ಹುಸೇನಸಾಬ ಒಂದು ಉಪಾಯ ಹೇಳಿಕೊಟ್ಟ. ಎಷ್ಟು ತೂತೋ ಅಷ್ಟು ಹರಳು ಮಡಿಲಲ್ಲಿ ಇಟ್ಟುಕೋ, ಒಂದು ಸಿಡಿದ ಕೂಡಲೇ ಒಂದು ಎಸೆ. ಮಡಿಲು ಖಾಲಿಯಾದರೆ ಆಳುಗಳನ್ನು ಬಿಡು. ಒಂದು ಹರಳು ಉಳಿದರೂ ಬಿಡಬೇಡ, ಎಲ್ಲೋ ಒಂದು ಮದ್ದು ಜೀವಂತ ಇದೆ ಎಂದು ಅರ್ಥ. ಹುಸೇನಸಾಬ ಯಲ್ಲಾಪುರದವನು. ಅಪ್ಪ, ಅಣ್ಣ ಎಲ್ಲ ಗಾಡಿ ಹೊಡೆಯುವವರು. ಇವನೊಬ್ಬನೇ ಮದ್ದಿಗೆ ಬಿದ್ದಿದ್ದ. ಬತ್ತಿ ಹಚ್ಚಿ ಓಡುವಾಗ ಒಂದು ದಿನವೂ ಹಿಂದೆ ತಿರುಗಿ ನೋಡಿದವನಲ್ಲ.

ಒಮ್ಮೆ ಎಂಟು ತೂತಿಗೆ ಏಳೇ ಸದ್ದು ಕೇಳಿತು. ಒಂದು ಹರಳು ಉಳಿಯಿತು. ನಾನು ಯಾರನ್ನೂ ಬಿಡಲಿಲ್ಲ. ಅರ್ಧ ದಿನ ಕೆಲಸ ನಿಂತಿತು. ಶಿರಸಿಯಿಂದ ಬಂದಿದ್ದ ಓವರ್ಸಿಯರ್ ಸಾಹೇಬರು ನನ್ನ ಮೇಲೆ ಕೂಗಾಡಿದರು. ಆಮೇಲೆ ಹುಸೇನಸಾಬ ಹೋಗಿ ನೋಡಿದರೆ ಎಂಟೂ ಹಾರಿದ್ದವು, ಎರಡು ಒಟ್ಟಿಗೇ ಸಿಡಿದಿದ್ದವು. ಗ್ಯಾಂಗಿನವರೆಲ್ಲ ನಕ್ಕರು. ‘ಗಂಗಿಗೆ ಇನ್ನೊಂದು ಕಿವಿ ಕೊಡಸ್ರಿ ಸಾಹೇಬ್ರ’ ಎಂದಳು ಯಲ್ಲವ್ವ. ಮುಂದಿನ ತಿಂಗಳು ಮತ್ತೆ ಹಾಗೇ ಆಯಿತು. ಆ ಸಲ ನಗುವಿಗೆ ಹೆದರಿ, ಉಳಿದ ಹರಳನ್ನು ಸುಮ್ಮನೆ ಎಸೆದು ‘ಸರಿ’ ಅಂದೆ. ಸರಿ ಇರಲಿಲ್ಲ. ಒಬ್ಬ ಆಳಿನ ಎರಡು ಬೆರಳು ಹೋದವು. ಹುಡುಗಿಯರೇ, ನಗುವವರು ನಗಲಿ. ಇದೊಂದನ್ನು ಬಿಟ್ಟರೆ ನಾನು ನಿಮಗೆ ಧೈರ್ಯವಾಗಿ ಹೇಳಬಹುದಾದ ಬುದ್ಧಿಮಾತು ಬೇರೆ ಇಲ್ಲ.

ಕೂಗಿದರೆ ಸಾಲದು, ಕೂಗಿದಾಗ ಎಲ್ಲಿಗೆ ಹೋಗಬೇಕು ಎಂದು ಜನಕ್ಕೆ ಕಲಿಸಬೇಕು. ಅದೂ ನನ್ನದೇ ಕೆಲಸ. ಮೊದಲು ಖಡಿ ಒಡೆಯುವ ಹೆಂಗಸರು ದೊಡ್ಡ ಮತ್ತಿಮರದ ಹಿಂದೆ ನಿಲ್ಲುತ್ತಿದ್ದರು. ಒಂದು ದಿನ ಕಲ್ಲು ಟೊಂಗೆ ಮುರಿದುಕೊಂಡು ಬಂದು ಒಬ್ಬಳ ಭುಜಕ್ಕೆ ಬಿತ್ತು. ಅವತ್ತೇ ನಾನು ಸುತ್ತಾಡಿ ಬೇರೆ ಜಾಗ ಹುಡುಕಿದೆ. ಖಡಿ ಒಡೆಯುವ ಜಾಗದ ಪಕ್ಕದಲ್ಲೇ ಒಂದು ಒಣ ಹಳ್ಳ ಇತ್ತು. ಎರಡಾಳು ಆಳ, ಎರಡೂ ಕಡೆ ನೆಟ್ಟಗಿನ ದಂಡೆ. ಅದರಲ್ಲಿ ಇಳಿದು ಬೋರಲು ಮಲಗಿ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡರೆ ಎಂಥ ಕಲ್ಲೂ ಮುಟ್ಟುವುದಿಲ್ಲ. ಎಲ್ಲರಿಗೂ ನಾನೇ ಮಲಗಿ ತೋರಿಸಿದೆ. ನಾನು ಬಂದು ಮುಟ್ಟಿ ಎಬ್ಬಿಸುವ ತನಕ ಕಿವಿ ಬಿಡಬೇಡಿ ಎಂದೆ. ಕೂಸುಗಳಿಗೆ ಆಟದ ಹಾಗೆ ಕಲಿಸಿದೆ. ಹದಿನೈದು ದಿನದಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಹಳ್ಳದಲ್ಲಿರುತ್ತಿದ್ದರು. ‘ನಿನ್ನ ಗಂಟಲಾ ಕೇಳಿದ್ರ ಹುಲಿನೂ ಹಳ್ಳಕ್ಕಿಳೀತೈತಿ’ ಎನ್ನುತ್ತಿದ್ದಳು ಯಲ್ಲವ್ವ. ಓವರ್ಸಿಯರ್ ಸಾಹೇಬರು ನನ್ನ ಕೆಲಸ ನೋಡಿ ಹೊಗಳಿದರು. ಬೇರೆ ಗ್ಯಾಂಗಿನವರಿಗೂ ಇದನ್ನೇ ಮಾಡಿ ಎಂದು ಹೇಳಿದರು.

ಆ ಹಳ್ಳದಲ್ಲಿ ನೀರು ಯಾಕೆ ಇರಲಿಲ್ಲ ಎಂದರೆ ಮೇಲೆ ಕೆರೆ ಇತ್ತು. ಕೆರೆಯ ತೂಬು ಮುಚ್ಚಿದ್ದರೆ ಹಳ್ಳ ಒಣ. ಕೆರೆಯ ಎರಡು ಮಗ್ಗುಲಿಗೆ ಎರಡು ಕೇರಿ, ಮೇಲಿನಕೇರಿ ಮತ್ತು ಕೆಳಗಿನಕೇರಿ. ನಾನೂ ನನ್ನ ತಮ್ಮ ನಿಂಗಪ್ಪನೂ ಮೇಲಿನಕೇರಿಯವರು. ಕೆರೆ ಒಂದು, ತೂಬು ಎರಡು. ಸಂಕ್ರಾಂತಿ ಕಳೆದು ಬೇಸಿಗೆ ಬೆಳೆಗೆ ನೀರು ಬೇಕಾದ ಕೂಡಲೇ ಏರಿಯ ಮೇಲೆ ಬಡಿದಾಟ ಶುರು. ಅಜ್ಜಂದಿರ ಕಾಲದಿಂದ ಹೀಗೇ. ಕೆಲವು ವರ್ಷ ತಲೆ ಒಡೆಯುತ್ತಿತ್ತು, ಕೆಲವು ವರ್ಷ ಹೆಣ ಬೀಳುತ್ತಿತ್ತು. ಈ ಕಡೆಯದು ಒಂದು ಬಿದ್ದರೆ ಆ ಕಡೆಯದು ಒಂದು ಬೀಳಲೇಬೇಕು. ಪೊಲೀಸರು ಬಂದರೆ ಎರಡೂ ಕೇರಿಯವರು ಒಟ್ಟಾಗಿ ‘ಜಾರಿ ಬಿದ್ದ’ ಎನ್ನುತ್ತಿದ್ದರು.

ಹಿಂದಿನ ವರ್ಷ ಬಿದ್ದ ಹೆಣ ಕೆಳಗಿನಕೇರಿಯದು. ಬಸಪ್ಪ ಎಂಬವನ ಅಣ್ಣ. ಹೊಡೆದವರು ನಾಲ್ಕೈದು ಜನ, ಯಾರ ಪೆಟ್ಟಿಗೆ ಸತ್ತ ಎಂದು ದೇವರಿಗೂ ಗೊತ್ತಿಲ್ಲ. ಆದರೆ ಆ ನಾಲ್ಕೈದು ಜನರಲ್ಲಿ ನಮ್ಮ ನಿಂಗ ಇದ್ದ. ಅವನಿಗೆ ಹತ್ತೊಂಬತ್ತು. ಬಸಪ್ಪ ಊರೆಲ್ಲ ಕೇಳುವ ಹಾಗೆ ಹೆಸರು ಹಿಡಿದು ಹೇಳಿದ್ದ, ಈ ವರ್ಷ ನಿಂಗ ಎಂದು. ಅಣ್ಣ ಸತ್ತಾಗಿನಿಂದ ಬಸಪ್ಪ ಗಡ್ಡ ತೆಗೆಸಿರಲಿಲ್ಲ, ಕಾಲಿಗೆ ಚಪ್ಪಲಿ ಮೆಟ್ಟಿರಲಿಲ್ಲ. ನಮ್ಮ ಕಡೆ ಸೇಡಿಗೆ ಹಾಗೆ ಇದ್ದವನು ಮಾತು ತಪ್ಪುವುದಿಲ್ಲ.

ನಿಂಗನನ್ನು ನಾನು ಗ್ಯಾಂಗಿಗೆ ಸೇರಿಸಿ ಕಣ್ಣೆದುರು ಇಟ್ಟುಕೊಂಡಿದ್ದೆ. ಅವನು ಮಾತ್ರ, ‘ಯಕ್ಕಾ, ನೀರ ಬಿಡೂ ದಿನ ನಾನು ಏರಿ ಮ್ಯಾಲ ಇರಲಿಲ್ಲಂದ್ರ ಹೆಂಗಸ ಅಂತಾರ’ ಎನ್ನುತ್ತಿದ್ದ. ‘ಅನ್ನಲಿ ಬಿಡೋ, ನಾನೂ ಹೆಂಗಸ. ಬದುಕೇ ಇದ್ದೇನಲ್ಲ’ ಎಂದೆ. ಅವನಿಗೆ ನಗು ಬರಲಿಲ್ಲ.

ಓವರ್ಸಿಯರ್ ಸಾಹೇಬರ ಬಗ್ಗೆ ಹೇಳಬೇಕು. ಅವರು ಸಿದ್ದಾಪುರ ಕಡೆಯವರು. ಕೆಟ್ಟವರಲ್ಲ. ಇದನ್ನು ನಾನು ಇನ್ನೊಂದು ಸಲವೂ ಹೇಳುತ್ತೇನೆ. ಗ್ಯಾಂಗಿಗೆ ಮಲೇರಿಯಾ ಬಂದಾಗ ತಾವೇ ಬಂದು ಕೊಯ್ನಾ ಗುಳಿಗೆ ಹಂಚಿದವರು, ಹೆಂಗಸರಿಗೆ ಕೈ ಮಾಡಿದ ಮೇಸ್ತ್ರಿಯನ್ನು ಅವತ್ತೇ ಓಡಿಸಿದವರು. ಅವರಿಗೆ ಈ ಎರಡು ಕೇರಿಯ ಜಗಳ ತಲೆನೋವಾಗಿತ್ತು. ನಮ್ಮ ಗ್ಯಾಂಗಿನ ಅರ್ಧ ಗಂಡಾಳುಗಳು ಈ ಕೇರಿಯವರು, ಅರ್ಧ ಆ ಕೇರಿಯವರು. ಒಬ್ಬರು ಹಾರೆ ಹಿಡಿದರೆ ಇನ್ನೊಬ್ಬರು ಬೆನ್ನು ತಿರುಗಿಸುತ್ತಿರಲಿಲ್ಲ. ಒಂದು ದಿನ ನನ್ನನ್ನು ಕರೆದರು. ಹುಸೇನಸಾಬನೂ ಅಲ್ಲೇ ನಿಂತಿದ್ದ.

‘ಗಂಗವ್ವಾ, ಆ ಕೆರೆ ಇರೂದಕ್ಕೇ ಅಲ್ದಾ ಈ ಜಗಳ?’

‘ಹೌದ್ರಿ.’

‘ಕೆರೆಯೇ ಇಲ್ಲದಿದ್ರೆ?’

ನನಗೆ ಮೊದಲು ತಿಳಿಯಲಿಲ್ಲ. ಅವರು ಬಿಡಿಸಿ ಹೇಳಿದರು. ಹೊಸ ರಸ್ತೆ ಹೇಗೂ ಆ ಏರಿಯ ಮಗ್ಗುಲಲ್ಲೇ ಹೋಗಬೇಕು. ತೂಬಿನ ಕಲ್ಲುಕಟ್ಟಡ ಒಡೆಯಲು ಹೇಗೂ ಮದ್ದು ಬೇಕು. ಒಂದಷ್ಟು ಹೆಚ್ಚು ಇಟ್ಟರೆ ಏರಿ ಹೋಗುತ್ತದೆ, ಕೆರೆ ಹೋಗುತ್ತದೆ, ಜಗಳ ಹೋಗುತ್ತದೆ. ಮೇಲಧಿಕಾರಿಗಳ ಹತ್ತಿರ ಕೇಳಿದ್ದರಂತೆ. ಕಾಗದ ಇರಲಿಲ್ಲ, ಬಾಯಿಮಾತಿನ ಹೂಂ ಇತ್ತು.

‘ವರ್ಷಕ್ಕೊಂದು ಹೆಣ ಅಂತ ಇಟ್ಕೋ. ಹತ್ತು ವರ್ಷಕ್ಕೆ ಹತ್ತು. ನಿನ್ನ ತಮ್ಮನೂ ಅದರಲ್ಲಿ ಒಬ್ಬ. ಒಂದೇ ದಿನದಲ್ಲಿ ಎಲ್ಲಾ ಮುಗೀತದೆ ಮಾರಾಯ್ತಿ. ಯಾರಿಗೂ ಗಾಯ ಇಲ್ಲ, ಬರೀ ನೀರು ಹೋಗ್ತದೆ.’

ಹುಸೇನಸಾಬ ಮೆಲ್ಲಗೆ ಕೇಳಿದ, ‘ಕೇರಿಯವರಿಗೆ ಮುಂಚೆ ಹೇಳೋದಲ್ವೇನ್ರಿ ಸಾಬ್?’

‘ಹೇಳಿದ್ರೆ ಎರಡೂ ಕೇರಿ ಒಂದಾಗಿ ನಮ್ಮನ್ನೇ ಕಡೀತಾವೆ.’

‘ಒಂದಾದ್ರೆ ಒಳ್ಳೇದೇ ಆಯ್ತಲ್ರಿ’ ಎಂದ ಹುಸೇನಸಾಬ. ಸಾಹೇಬರು ನಕ್ಕರು, ನಾನೂ ನಕ್ಕೆ. ನಗಬೇಕಾದ ಮಾತಾಗಿರಲಿಲ್ಲ ಅದು.

ಆಮೇಲೆ ಸಾಹೇಬರು ನನ್ನನ್ನೇ ನೋಡಿ ಕೇಳಿದರು, ‘ನೀ ಈ ಊರವಳು. ನೀರು ಹಳ್ಳ ಹಿಡಿದು ಹೋಗ್ತದೆ. ಹಳ್ಳದ ಕೆಳಗೆ ಯಾರಾದರೂ ಇದ್ದಾರಾ?’

‘ಯಾರೂ ಇಲ್ರಿ. ಕಾಡೈತಿ.’

ಇದು ಸುಳ್ಳಲ್ಲ. ಹಳ್ಳದಲ್ಲಿ ಯಾರ ಮನೆಯೂ ಇರಲಿಲ್ಲ, ಯಾರ ಗದ್ದೆಯೂ ಇರಲಿಲ್ಲ. ನಾನು ಕೂಗದೆ ಅಲ್ಲಿಗೆ ಒಬ್ಬರೂ ಇಳಿಯುತ್ತಿರಲಿಲ್ಲ.

ಇನ್ನೂ ಒಂದು ವಿಷಯ ಇದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಮದ್ದು ಇಡುವುದಕ್ಕೆ ಎರಡು ದಿನ ಮೊದಲು ಬಸಪ್ಪನ ತಾಯಿ ಖಡಿ ಒಡೆಯುವ ಜಾಗಕ್ಕೆ ಬಂದಳು. ಮಗನನ್ನು ಕಳೆದುಕೊಂಡ ಮುದುಕಿ. ನನ್ನ ಎದುರು ಬಿಸಿಲಲ್ಲೇ ಕೂತಳು.

‘ನಿನ್ನ ತಮ್ಮನ್ನ ಕಳಸು. ಹಿರೇರ ಮುಂದ ಏರಿ ಮ್ಯಾಲ ಕಾಯಿ ಒಡದು, ನನ್ನ ಕಾಲ ಮುಟ್ಟಿ ತಪ್ಪಾತು ಅನ್ನಲಿ. ನನ್ನ ಮಗನ ಗಡ್ಡಾ ನಾನ ತಗಸತೇನಿ. ಒಂದ ಹ್ವಾತು. ಇನ್ನೊಂದು ಜೈಲಿಗೆ ಹೋಗೂದು ನನಗ ಬ್ಯಾಡ.’

‘ಬಸಪ್ಪ ಒಪ್ಪ್ಯಾನೇನು?’ ಎಂದೆ.

‘ಒಪ್ಪಸತೇನಿ.’

‘ಒಪ್ಪಸತೇನಿ ಅಂದ್ರ ಒಪ್ಪಿಲ್ಲ ಅಂತಾತು.’

ಮುದುಕಿ ಎದ್ದು ಹೋದಳು. ಪಕ್ಕದಲ್ಲಿ ಖಡಿ ಒಡೆಯುತ್ತಿದ್ದ ಯಲ್ಲವ್ವ ಸುತ್ತಿಗೆ ನಿಲ್ಲಿಸಿ, ‘ಕಳಸ ಗಂಗೀ. ಕಾಯಿ ಒಡದ್ರ ಏನ ಹೋಗತೈತಿ? ಹೆಚ್ಚಂದ್ರ ಒಂದ ಕಾಯಿ’ ಎಂದಳು. ‘ನಿನ್ನ ತಮ್ಮ ಆಗಿದ್ರ ಕಳಸತಿದ್ದೇನು?’ ಎಂದು ಕೇಳಿದೆ. ‘ಹೊತ್ಕೊಂಡ ಹೋಗತಿದ್ದೆ’ ಅಂದಳು.

ನಾನು ನಿಂಗನಿಗೆ ಹೇಳಲಿಲ್ಲ. ಸಾಹೇಬರಿಗೂ ಹೇಳಲಿಲ್ಲ. ಹೇಳಿದ್ದರೆ ಅವರು ಒಂದು ವಾರ ಕಾಯುತ್ತಿದ್ದರೇನೋ. ಮುದುಕಿಯ ಮಾತು ಮೋಸ ಇರಬಹುದು, ಏರಿಯ ಮೇಲೆ ಕರೆದು ಕಡಿಯುವ ಉಪಾಯ ಇರಬಹುದು ಎಂದು ನನ್ನ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ಕೈಯಲ್ಲಿ ಮದ್ದು ಇದ್ದವರಿಗೆ ಮುದುಕಿಯರ ಮಾತು ನಿಧಾನ ಎನಿಸುತ್ತದೆ. ನನಗೆ ಎರಡು ದಿನದಲ್ಲಿ ಮುಗಿಯುವ ದಾರಿ ಗೊತ್ತಿತ್ತು. ಅದನ್ನು ಬಿಡಲು ಮನಸ್ಸು ಬರಲಿಲ್ಲ.

ಆ ದಿನ ಬೆಳಿಗ್ಗೆ ಹುಸೇನಸಾಬ ಏರಿಗೆ ಮೂರು ಕಡೆ ಮದ್ದು ಇಟ್ಟ. ರಸ್ತೆ ಕೆಲಸ ಎಂದು ಎರಡು ಕೇರಿಯವರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವರವರ ಗದ್ದೆಯಲ್ಲಿದ್ದರು. ಗದ್ದೆ ಹಳ್ಳಕ್ಕಿಂತ ಎತ್ತರದಲ್ಲಿ, ನೀರಿನ ಭಯ ಇಲ್ಲ. ನಾನು ಕೆಂಪು ಬಟ್ಟೆ ಹಿಡಿದು ಏರಿಯ ಕೊನೆಯ ದಿಬ್ಬದ ಮೇಲೆ ನಿಂತೆ. ಸಾಹೇಬರು ಹೇಳಿದ್ದರು, ‘ಯಾವಾಗಿನ ಹಾಗೇ ಕೂಗು. ಬೇರೆ ಎಂತದೂ ಹೇಳಬೇಡ.’ ಮಡಿಲಲ್ಲಿ ಮೂರು ಹರಳು ಇಟ್ಟುಕೊಂಡು ಯಾವಾಗಿನ ಹಾಗೇ ಕೂಗಿದೆ.

‘ಮದ್ದೈತಿ, ತಗ್ಗಿಗಿಳೀರೋ!’

ಮೂರು ಸಲ ಕೂಗಿದೆ. ಹುಸೇನಸಾಬ ಬತ್ತಿ ಹಚ್ಚಿ ಓಡಿದ. ಎಣಿಸುವಾಗ ನಾನು ಬೇರೆ ಏನನ್ನೂ ನೋಡುವುದಿಲ್ಲ, ಕಣ್ಣು ಮಡಿಲ ಮೇಲೆ, ಕಿವಿ ಸದ್ದಿನ ಮೇಲೆ. ಬೆರಳು ಹೋದ ಆಳಿನ ನಂತರ ನಾನು ಮಾಡಿಕೊಂಡ ನಿಯಮ ಅದು. ಒಂದು. ಎರಡು. ಮೂರು. ಮಡಿಲು ಖಾಲಿ. ‘ಮೂರೂ ಸರಿ!’ ಎಂದು ಸಾಹೇಬರಿಗೆ ಕೂಗಿ ಹೇಳಿದೆ. ಖುಷಿಯಲ್ಲೇ ಹೇಳಿದೆ. ನಿಂಗ ಉಳಿದ ಎಂದು ನನ್ನ ತಲೆಯಲ್ಲಿ ಇತ್ತು.

ಆಮೇಲೆ ತಲೆ ಎತ್ತಿದೆ. ಏರಿ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ ನೆನೆದ ಮಣ್ಣಿನ ಗೋಡೆ ಕೂತ ಹಾಗೆ ಕೂತಿತು. ನೀರು ಕೆಂಪಗೆ ಹಳ್ಳಕ್ಕೆ ತಿರುಗಿತು. ಹಳ್ಳದಲ್ಲಿ ಸೀರೆಯ ಬಣ್ಣ ಕಂಡಿತು.

ಖಡಿ ಒಡೆಯುತ್ತಿದ್ದ ಹೆಂಗಸರು. ನಾನು ಕೂಗಿದ್ದೆ, ಅವರು ಇಳಿದಿದ್ದರು. ನಾನು ಕಲಿಸಿದ ಹಾಗೆ ಬೋರಲು ಮಲಗಿದ್ದರು. ನಾನು ಮತ್ತೆ ಕೂಗಿದೆ. ಏಳ್ರೋ, ಏಳ್ರೋ ಎಂದು ಎದೆ ಹರಿಯುವ ಹಾಗೆ ಕೂಗಿದೆ. ಅವರು ನಾನು ಕಲಿಸಿದ ಹಾಗೆ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದರು.

ಏಳು ಜನ ಹೋದರು. ಐದು ಹೆಂಗಸರು, ಎರಡು ಕೂಸುಗಳು. ಅವರಲ್ಲಿ ಯಲ್ಲವ್ವ, ಅವಳ ಮಗಳು. ಏಳರಲ್ಲಿ ಒಬ್ಬರೂ ಆ ಎರಡು ಕೇರಿಯವರಲ್ಲ, ಎಲ್ಲರೂ ಬನವಾಸಿ ಕಡೆಯಿಂದ ಕೂಲಿಗೆ ಬಂದವರು. ಆ ಕೆರೆಯ ನೀರಲ್ಲಿ ಕೈ ತೊಳೆದದ್ದು ಬಿಟ್ಟರೆ ಅದರ ಮೇಲೆ ಅವರಿಗೆ ಯಾವ ಹಕ್ಕೂ ಇರಲಿಲ್ಲ, ಯಾವ ಜಗಳವೂ ಇರಲಿಲ್ಲ. ಇಬ್ಬರು ಹೆಂಗಸರು ಉಳಿದುಕೊಂಡರು. ಅವರು ‘ದಿನಾ ಇದ್ದದ್ದ ಬಿಡು’ ಎಂದು ಸೋಮಾರಿತನ ಮಾಡಿ ಖಡಿ ರಾಶಿಯ ಹಿಂದೆ ಕೂತಿದ್ದವರು. ನನ್ನ ಮಾತು ಕೇಳದವರು ಬದುಕಿದರು.

ವಿಚಾರಣೆ ಎಂದು ಒಂದಾಯಿತು. ಏರಿ ಹಳೆಯದು, ತೂಬು ಒಡೆಯುವಾಗ ತಾನಾಗಿ ಕುಸಿಯಿತು ಎಂದು ಬರೆದಿದ್ದರು. ನನಗೆ ಓದಿ ಹೇಳಿದರು. ನಾನು ಹೆಬ್ಬೆಟ್ಟು ಒತ್ತಿದೆ. ಒತ್ತದಿದ್ದರೆ ಹುಸೇನಸಾಬ ಒಳಗೆ ಹೋಗುತ್ತಿದ್ದ, ನಾನೂ ಹೋಗುತ್ತಿದ್ದೆ. ಸಾಹೇಬರು ನನ್ನ ಮುಖ ನೋಡಲಿಲ್ಲ. ಅನ್ನ ಬಿಟ್ಟು ಬರೀ ಗಂಜಿ ಕುಡಿಯುತ್ತಿದ್ದಾರೆ ಎಂದು ಅಡುಗೆಯವನು ಹೇಳಿದ. ಆರು ತಿಂಗಳಲ್ಲಿ ವರ್ಗ ಮಾಡಿಸಿಕೊಂಡು ಹೋದರು. ಹುಸೇನಸಾಬ ಮದ್ದು ಬಿಟ್ಟು ಅಣ್ಣನ ಜೊತೆ ಲಾರಿಗೆ ಸೇರಿದ. ನಮ್ಮ ಗ್ಯಾಂಗಿಗೇ ಕಲ್ಲು ಹೇರುತ್ತಿದ್ದ. ನನಗೆ ಬೇರೆ ಕೆಲಸ ಇರಲಿಲ್ಲ. ಇನ್ನೂ ಮೂವತ್ತೈದು ವರ್ಷ ಅದೇ ಕೂಗುವ ಕೆಲಸ ಮಾಡಿದೆ.

ಜಗಳ ನಿಂತಿತೇ ಎಂದು ಕೇಳುತ್ತೀರಿ. ನಿಂತಿತು. ಅವತ್ತಿನಿಂದ ಏರಿಯ ಮೇಲೆ ಒಂದು ತಲೆಯೂ ಒಡೆಯಲಿಲ್ಲ. ಬಸಪ್ಪ ಗಡ್ಡ ತೆಗೆಸಿದ. ನಿಂಗ ಮದುವೆಯಾದ, ಅವನಿಗೆ ಐದು ಮಕ್ಕಳು, ಈಗ ಮೊಮ್ಮಕ್ಕಳು. ಸಾಹೇಬರ ಲೆಕ್ಕ ತಪ್ಪಲಿಲ್ಲ. ನೀರಿಲ್ಲದೆ ನಾಲ್ಕು ವರ್ಷದಲ್ಲಿ ಎರಡು ಕೇರಿಯೂ ಖಾಲಿಯಾದವು, ಕೆಲವರು ಕಲಘಟಗಿ ಕಡೆ ಹೋದರು, ಕೆಲವರು ಕಿರವತ್ತಿಗೆ ಬಂದು ಕೂಲಿಗೆ ನಿಂತರು. ಬಹಳ ವರ್ಷದ ಮೇಲೆ ಶಿರಸಿಯ ಬಸ್ ನಿಲ್ದಾಣದಲ್ಲಿ ಸಾಹೇಬರು ಸಿಕ್ಕರು. ಮುದುಕರಾಗಿದ್ದರು, ಕೋಲು ಹಿಡಿದಿದ್ದರು. ಗುರುತು ಹಿಡಿದು ಅವರೇ ಮಾತಾಡಿಸಿದರು. ‘ಆಮೇಲೆ ಅಲ್ಲಿ ಒಂದು ತಲೆಯೂ ಒಡೀಲಿಲ್ಲ ಅಲ್ದಾ ಗಂಗವ್ವಾ?’ ಎಂದು ಕೇಳಿದರು.

‘ತಲಿ ಇದ್ರ ಅಲ್ರೀ ಒಡಿಯೂದು’ ಎಂದೆ.

ಅವರ ಬಸ್ಸು ಬಂತು. ಅಷ್ಟು ಕಠಿಣವಾಗಿ ಹೇಳಬಾರದಿತ್ತು. ಅವರು ಕೇಳಿದ್ದು ಉತ್ತರಕ್ಕಲ್ಲ, ಸಮಾಧಾನಕ್ಕೆ. ನನ್ನ ಹತ್ತಿರ ಇರಲಿಲ್ಲ.

ಸಾಹೇಬರು ಸಿಕ್ಕುವುದಕ್ಕಿಂತ ಬಹಳ ಮೊದಲಿನ, ಕೆರೆ ಒಡೆದ ಮೇಲಿನ ಇನ್ನೊಂದು ಮಾತು. ದೊಡ್ಡ ಯುದ್ಧ ಮುಗಿದ ವರ್ಷ ನಮ್ಮ ಗ್ಯಾಂಗು ವಜ್ರಳ್ಳಿ ರಸ್ತೆಯಲ್ಲಿತ್ತು. ಮಧ್ಯಾಹ್ನ ರೊಟ್ಟಿ ತಿನ್ನುವಾಗ ಹಾಜರಿ ಬರೆಯುವ ಕಾರಕೂನ ಪೇಪರು ತಂದು ಓದುತ್ತಿದ್ದ. ಜಪಾನಿನ ಒಂದು ಊರಿನ ಮೇಲೆ ಒಂದೇ ಒಂದು ಬಾಂಬು, ಮೂರು ದಿನ ಬಿಟ್ಟು ಇನ್ನೊಂದು ಊರಿನ ಮೇಲೆ ಇನ್ನೊಂದು, ಯುದ್ಧ ಬಂದ್. ‘ಭಾರೀ ಕೆಲಸ ಆತು. ಇಲ್ಲಂದ್ರ ಇನ್ನೂ ಲಕ್ಷಗಟ್ಟಲೆ ಮಂದಿ ಸಾಯತಿದ್ರು’ ಎಂದ ಕಾರಕೂನ. ಅವನ ಭಾವನ ತಮ್ಮ ಪಲ್ಟನ್ನಿನಲ್ಲಿ ಬರ್ಮಾದಲ್ಲಿದ್ದ. ಇನ್ನು ಅವನು ಮನೆಗೆ ಬರುತ್ತಾನೆ ಎಂಬ ಖುಷಿ ಕಾರಕೂನನ ಮುಖದಲ್ಲಿತ್ತು. ಆ ಖುಷಿಯ ಗುರುತು ನನಗೆ ಸಿಕ್ಕಿತು.

ಲಾರಿ ನಿಲ್ಲಿಸಿ ಬಂದಿದ್ದ ಹುಸೇನಸಾಬ ಬೀಡಿ ಕೆಳಗಿಟ್ಟು ಕೇಳಿದ, ‘ಮುಂಚೆ ಕೂಗಿದ್ರೇನ್ರಿ?’

‘ಏನ ಕೂಗೂದು?’

‘ಮದ್ದೈತಿ ಅಂತ.’

ಕಾರಕೂನ ನಕ್ಕ. ‘ಯುದ್ಧದಾಗ ಯಾರ ಕೂಗತಾರೋ ಸಾಬಾ? ನಿಮ್ಮ ಗಂಗವ್ವನ್ನ ವಿಮಾನದಾಗ ಕೂಡಸಬೇಕಿತ್ತು.’

ಎಲ್ಲರೂ ನಕ್ಕರು. ನಾನು ಹೇಳಿದೆ, ‘ಕೂಗಿದ್ರೂ ಎಲ್ಲಿಗಿಳೀಬೇಕು ಅವರು? ಅದನ್ನ ಹೇಳ್ರಿ ಮೊದಲ.’

ಕಾರಕೂನನಿಗೆ ನನ್ನ ಮಾತು ತಿಳಿಯಲಿಲ್ಲ. ಹುಸೇನಸಾಬ ಎದ್ದು ಲಾರಿ ಹತ್ತಿರ ಹೋದ. ರೊಟ್ಟಿ ಅರ್ಧ ಬಿಟ್ಟಿದ್ದ.

ಆ ಬಾಂಬು ಹಾಕಿದ್ದು ಸರಿಯೋ ತಪ್ಪೋ ಎಂದು ಆಗಿನಿಂದ ಜನ ವಾದ ಮಾಡುತ್ತಲೇ ಇದ್ದಾರೆ. ಶಾಲೆಯ ಅಕ್ಕನವರ ಮನೆಯಲ್ಲೂ ಒಮ್ಮೆ ಆ ಮಾತು ಬಂತು. ಓದಿದವರು ಎರಡೂ ಕಡೆ ಚೆನ್ನಾಗಿ ಮಾತಾಡಿದರು. ನನಗೆ ದೊಡ್ಡ ಯುದ್ಧ ಗೊತ್ತಿಲ್ಲ, ಕೆರೆ ಗೊತ್ತು. ಕೆರೆ ಒಡೆಯದಿದ್ದರೆ ನಿಂಗ ಸಾಯುತ್ತಿದ್ದ. ಬಹುಶಃ. ಅವನ ಹಿಂದೆ ಬಸಪ್ಪ, ಅವನ ಹಿಂದೆ ಇನ್ನೊಬ್ಬ. ಬಹುಶಃ. ಆ ಮುದುಕಿ ಮಗನ ಗಡ್ಡ ತೆಗೆಸುತ್ತಿದ್ದಳು, ಅದೂ ಬಹುಶಃ. ಉಳಿದವರೆಲ್ಲ ಬಹುಶಃ ಎಂಬ ಮಾತಿನಲ್ಲಿ ಇದ್ದಾರೆ. ಸತ್ತ ಏಳು ಜನಕ್ಕೆ ಮಾತ್ರ ಆ ಮಾತು ಇಲ್ಲ. ಹತ್ತು ಹೆಣ ಉಳಿಸಲು ಏಳು ಹೆಣ ಎಂದರೆ ಮೂರು ಲಾಭ ಎಂದು ಒಬ್ಬರು ಹೇಳಬಹುದು. ಯಲ್ಲವ್ವನ ಮಗಳ ಕೈಗಳನ್ನು ಅವಳ ಕಿವಿಯಿಂದ ಬಿಡಿಸಿದವಳು ನಾನು. ನನಗೆ ಆ ಕಳೆಯುವ ಲೆಕ್ಕ ಬರುವುದಿಲ್ಲ.

ಹಾಗಾದರೆ ತಪ್ಪು ಎನ್ನುತ್ತೀಯಾ ಎಂದು ಅಕ್ಕನವರು ಕೇಳಿದರು. ತಪ್ಪು ಎಂದು ಗಟ್ಟಿಯಾಗಿ ಹೇಳಲು ನಿಂಗನ ಮುಖ ನೋಡಬೇಕಾಗುತ್ತದೆ. ಅವನು ಪ್ರತಿ ದೀಪಾವಳಿಗೆ ಸೀರೆ ತಂದುಕೊಡುತ್ತಾನೆ. ಅವನಿಗೆ ಹೇಳಲೇ, ನೀನು ಸಾಯಬೇಕಿತ್ತು ಎಂದು? ಸರಿ ಎಂದು ಹೇಳಲು ಬನವಾಸಿಗೆ ಹೋಗಿ ಯಲ್ಲವ್ವನ ಮುದಿ ತಾಯಿಯ ಎದುರು ನಿಲ್ಲಬೇಕಾಗಿತ್ತು. ನಾನು ಹೋಗಲಿಲ್ಲ. ಆ ತಾಯಿ ಸತ್ತು ಎಷ್ಟೋ ವರ್ಷವಾಯಿತು. ಇನ್ನು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಇದರಿಂದ ನಾನು ಏನು ಕಲಿತೆ ಎಂದು ಕೇಳಬೇಡಿ. ಕಲಿತದ್ದರಿಂದಲೇ ಅವರು ಸತ್ತರು.

ಈಗ ಮದ್ದಿಗೆ ಬತ್ತಿ ಇಲ್ಲ, ತಂತಿ ಇದೆ. ದೂರ ಕೂತು ಗುಂಡಿ ಒತ್ತುತ್ತಾರೆ. ಕೂಗುವ ಬದಲು ಭೋಂಗಾ ಊದುತ್ತಾರೆ. ಒಳ್ಳೆಯದೇ. ಒತ್ತುವವನಿಗೆ ಓಡಬೇಕಾಗಿಲ್ಲ.

ಮರುದಿನ ಬೆಳಿಗ್ಗೆಯದನ್ನು ಹೇಳಿ ಮುಗಿಸುತ್ತೇನೆ. ಹೆಣಗಳನ್ನು ಬನವಾಸಿ ಕಡೆಯವರು ಗಾಡಿಯಲ್ಲಿ ಒಯ್ದಿದ್ದರು. ನಾನು ಕೆರೆಯ ಹತ್ತಿರ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಕೆರೆಯಲ್ಲಿ ನೀರಿರಲಿಲ್ಲ, ಕೆಸರಿತ್ತು. ಕೆಸರಿನ ತುಂಬ ಮೀನು ಒದ್ದಾಡುತ್ತಿತ್ತು. ಮೇಲಿನಕೇರಿಯವರೂ ಕೆಳಗಿನಕೇರಿಯವರೂ ಮೊಣಕಾಲಿನ ತನಕ ಇಳಿದಿದ್ದರು. ಹೆಂಗಸರು, ಮುದುಕರು, ಕೂಸುಗಳು ಎಲ್ಲ. ಒಬ್ಬರ ಬುಟ್ಟಿ ತುಂಬಿದರೆ ಇನ್ನೊಬ್ಬರ ಬುಟ್ಟಿಗೆ ಎಸೆಯುತ್ತಿದ್ದರು. ‘ಏ ಹಿಡಿ, ನಿನ್ನ ಹೇಣ್ತಿ ಹಂಗ ಜಾರತೈತಿ ನೋಡು’ ಎಂದು ಆ ಕೇರಿಯವನು ಈ ಕೇರಿಯವನಿಗೆ ಕೂಗಿದ. ಎರಡು ಕೇರಿಯೂ ನಕ್ಕವು. ನನ್ನ ಜೀವಮಾನದಲ್ಲಿ ಅವರು ಒಟ್ಟಿಗೆ ನಕ್ಕಿದ್ದನ್ನು ಕೇಳಿದ್ದು ಅದೇ ಮೊದಲು.

ಮನೆಗೆ ಬಂದು ಕೂತೆ. ನಿಂಗ ಬಂದ. ಮೈಯೆಲ್ಲ ಕೆಸರು. ಕೈಯಲ್ಲಿ ಮೊಳದುದ್ದದ ಒಂದು ಮೀನು, ಕಿವಿರಿಗೆ ಬಳ್ಳಿ ಕಟ್ಟಿತ್ತು.

‘ಯಕ್ಕಾ, ಬಸಪ್ಪ ಕೊಟ್ಟ. ಒಯ್ಯಿ ಅಂದ. ಅಷ್ಟ ಅಂದ.’

ನಾನು ಮೀನು ಇಸಿದುಕೊಂಡೆ. ಬೂದಿ ಹಚ್ಚಿ ಉಜ್ಜಿದೆ, ಹೊಟ್ಟೆ ಸೀಳಿ ತೊಳೆದೆ, ತುಂಡು ಮಾಡಿದೆ. ಹುಣಸೆಹಣ್ಣು, ಖಾರ ಹಾಕಿ ಸಾರು ಕಾಯಿಸಿದೆ. ಹಿಂದಿನ ದಿನದಿಂದ ಇಬ್ಬರೂ ಏನೂ ತಿಂದಿರಲಿಲ್ಲ. ಎದುರುಬದುರು ಕೂತು ಉಂಡೆವು. ಉಪ್ಪು ಕಡಿಮೆಯಾಗಿದೆ ಎಂದ, ಉಪ್ಪು ಕೊಟ್ಟೆ. ಇನ್ನೊಂದು ತುಂಡು ಹಾಕು ಎಂದ, ಹಾಕಿದೆ. ನಾನೂ ಇನ್ನೊಂದು ಹಾಕಿಕೊಂಡೆ.